ಬುಟ್ಟಿ ನೋಡಿ ಒಲೆ ಹಚ್ಚಿ: ಬೇಸಿಗೆ ಕೈತೋಟದ ಅಡುಗೆ, ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಟೆರೇಸ್ ತೋಟದ್ದೇ. ಏಪ್ರಿಲ್ ಬಿಸಿಲಲ್ಲಿ ಬೆಂಗಳೂರಿನ ತಾರಸಿ ಮೇಲೆ ಹನ್ನೊಂದು ಗಂಟೆ ಆದ್ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ, ಅಂಥದ್ರಲ್ಲಿ ನೀವೆಲ್ಲ ಬೆಳಗ್ಗೆ ಆರಕ್ಕೇ ಮೇಲೆ ಹತ್ತಿ ನೀರು ಹಾಕಿ ಇಷ್ಟೊಂದು ಬೆಳೀತಿದ್ದೀರ ಅಂತ ಓದಿ ನಿಜವಾಗ್ಲೂ ಖುಷಿ ಆಯ್ತು. ಬೆಳೆದಿದ್ದು ತಟ್ಟೆಗೆ ಬರ್ಬೇಕು, ಫ್ರಿಡ್ಜಲ್ಲಿ ಒಣಗಬಾರ್ದು, ಅದೇ ನನ್ನ ಆಸೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮ ಟೆರೇಸಲ್ಲಿ 30 ಗ್ರೋ ಬ್ಯಾಗ್ ಇದೆ. ದಿನಾ ಏನೋ ಒಂದು ಸಿಗುತ್ತೆ, ಆದ್ರೆ ಯಾವುದೂ ಒಂದು ಪಲ್ಯಕ್ಕೆ ಸಾಕಾಗಲ್ಲ. ಇವತ್ತು ಕಿತ್ತಿದ್ದು ಆರು ಬೆಂಡೆಕಾಯಿ, ಒಂದು ಬದನೆಕಾಯಿ, ಒಂದು ಹಿಡಿ ಅಲಸಂದೆಕಾಯಿ, ಒಂದು ಕಟ್ಟಿನಷ್ಟು ಹರಿವೆ ಸೊಪ್ಪು. ಮನೇಲಿ ನಾಲ್ಕು ಜನ ಇದ್ದೀವಿ. ಕೊನೆಗೆ ಇದನ್ನ ಫ್ರಿಡ್ಜಲ್ಲಿಟ್ಟು, ಅಂಗಡಿಯಿಂದ ಅರ್ಧ ಕೆಜಿ ಬೀನ್ಸ್ ತಂದು ಅಡುಗೆ ಮಾಡ್ತೀವಿ. ಏನು ದಾರಿ? (ಬಸವೇಶ್ವರನಗರ)

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ಮಾತಲ್ಲಿ ತುಂಬಾ ಜನ ಕೇಳಿದ್ದೀರ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಇವತ್ತು ಬೆಂಡೆಕಾಯಿ ಪಲ್ಯ ಅಂತ ಮೊದಲೇ ತೀರ್ಮಾನ ಮಾಡ್ಕೊಂಡು ಬುಟ್ಟಿ ಹಿಡ್ಕೊಂಡು ಮೇಲೆ ಹೋದ್ರೆ ಯಾವತ್ತೂ ಬೇಜಾರೇ ಆಗೋದು, ಯಾಕಂದ್ರೆ ಕೈತೋಟ ಕೆಜಿ ಲೆಕ್ಕದಲ್ಲಿ ಕೊಡಲ್ಲ, ಹಿಡಿ ಲೆಕ್ಕದಲ್ಲಿ ಕೊಡುತ್ತೆ. ಬುಟ್ಟಿ ಕೆಳಗಿಳಿದ ಮೇಲೆ ಅಡುಗೆ ತೀರ್ಮಾನ ಆಗ್ಬೇಕು. ನಮ್ಮ ಅಡುಗೆಗಳಲ್ಲಿ ಪಲ್ಯ, ಹುಳಿ, ಎಣ್ಣೆಗಾಯಿ ಇವೆಲ್ಲ ಒಂದೇ ತರಕಾರಿಯನ್ನ ಜಾಸ್ತಿ ಕೇಳೋವು. ಗೊಜ್ಜು, ತಂಬುಳಿ, ಚಟ್ನಿ, ಕೋಸಂಬರಿ ಇವು ಒಂದು ಕಾಯಿ ಒಂದು ಹಿಡಿ ಸೊಪ್ಪಲ್ಲೇ ನಾಲ್ಕು ಜನಕ್ಕೆ ಆಗೋವು. ನಮ್ಮತ್ತೆ ಮಲೆನಾಡಿನವರು, ಹಿತ್ತಲಿಂದ ಹತ್ತು ದೊಡ್ಡಪತ್ರೆ ಎಲೆ ತಂದು ಜೀರಿಗೆ ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸಿದ್ರೆ ಮನೆಮಂದಿಗೆಲ್ಲ ತಂಬುಳಿ ಆಗ್ತಿತ್ತು.

ಈಗ ನಿಮ್ಮ ಬುಟ್ಟಿಗೆ ಬರೋಣ. ಹರಿವೆ, ಅಲಸಂದೆ ಎರಡೂ ಬಸ್ಸಾರಿಗೆ. ಬೆಂಡೆಕಾಯಿನ ಮಾತ್ರ ಬಸ್ಸಾರಿಗೆ ಹಾಕ್ಬೇಡಿ, ಕಟ್ಟೆಲ್ಲ (ಬಸಿದ ನೀರೆಲ್ಲ) ಲೋಳೆ ಆಗುತ್ತೆ. ದೊಡ್ಡ ಪಾತ್ರೇಲಿ ಐದಾರು ಲೋಟ ನೀರು ಕುದಿಸಿ, ಮುಕ್ಕಾಲು ಲೋಟ ತೊಗರಿಬೇಳೆ ಹಾಕಿ. ಬೇಳೆ ಮುಕ್ಕಾಲು ಬೆಂದಾಗ, ಅಂದ್ರೆ ಉಗುರಲ್ಲಿ ಒತ್ತಿದ್ರೆ ಮುರಿಬೇಕು ಆದ್ರೆ ಕರಗಬಾರ್ದು, ಆಗ ಅಲಸಂದೆಕಾಯಿ, ಇನ್ನೊಂದೈದು ನಿಮಿಷ ಬಿಟ್ಟು ಹೆಚ್ಚಿದ ಸೊಪ್ಪು, ಉಪ್ಪು. ಕುಕ್ಕರ್ ಬೇಡ ಕಣ್ರೀ, ಕುಕ್ಕರಲ್ಲಿ ಬೇಳೆ ನುಣ್ಣಗಾಗಿ ಬಸಿಯೋಕೆ ಏನೂ ಉಳಿಯಲ್ಲ. ಆಮೇಲೆ ಪಾತ್ರೆ ಬಾಯಿಗೆ ತಟ್ಟೆ ಒತ್ತಿ ಹಿಡಿದು ಬಗ್ಗಿಸಿ ಬಸೀರಿ. ಕೆಂಪು ಹರಿವೆ ಆದ್ರೆ ಕಟ್ಟು ತಿಳಿ ಕೆಂಪಗೆ ಬರುತ್ತೆ, ಬೇಳೆ ವಾಸನೆ ಸೊಪ್ಪಿನ ವಾಸನೆ ಸೇರ್ಕೊಂಡು ಹಬೆ ಮುಖಕ್ಕೆ ಹೊಡೆಯುತ್ತೆ. ಮಂಡ್ಯದ ನಮ್ಮ ಮನೇಲಿ ಅಮ್ಮ ಬಸೀತಿದ್ದಾಗ ನಾವು ಮಕ್ಕಳು ಲೋಟ ಹಿಡ್ಕೊಂಡು ಒಲೆ ಪಕ್ಕದಲ್ಲೇ ಕೂತಿರ್ತಿದ್ವಿ, ಬಿಸಿ ಕಟ್ಟಿಗೆ ಚಿಟಿಕೆ ಉಪ್ಪು, ಕುಟ್ಟಿದ ಮೆಣಸು ಹಾಕಿ ಕೊಡೋರು. ಇವತ್ತಿಗೂ ನಾನು ಅರ್ಧ ಲೋಟ ತೆಗೆದಿಟ್ಕೊಂಡೇ ಮುಂದಿನ ಕೆಲಸ ಮಾಡೋದು.

ಬಸಿದ ಮೇಲೆ ಒಂದು ಸೌಟು ಬೇಳೆ ಸೊಪ್ಪು ಎತ್ತಿಟ್ಟು, ಉಳಿದಿದ್ದಕ್ಕೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದ್ರೆ ಪಲ್ಯ ಆಯ್ತು. ಸಾರಿಗೆ ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ ಎಣ್ಣೇಲಿ ಕೆಂಪಗೆ ಹುರಿದು, ಕಾಯಿತುರಿ, ಜೀರಿಗೆ, ಮೆಣಸು, ಎರಡು ಚಮಚ ಸಾರಿನಪುಡಿ, ಗೋಲಿ ಗಾತ್ರದ ಹುಣಸೆಹಣ್ಣು, ಎತ್ತಿಟ್ಟಿದ್ದ ಆ ಒಂದು ಸೌಟು ಎಲ್ಲಾ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿ. ಆ ಸೌಟನ್ನ ಮರೆತ್ರೆ ಸಾರು ನೀರುನೀರಾಗಿ ನಿಲ್ಲುತ್ತೆ, ಹಿಡಿತಾನೇ ಇರಲ್ಲ.

ಬದನೆಕಾಯಿ ಒಂದೇ ಇದೆಯಲ್ಲ, ಅದನ್ನ ಸುಡಿ. ಎಣ್ಣೆ ಸವರಿ ಚಾಕು ತುದಿಯಲ್ಲಿ ನಾಲ್ಕು ಕಡೆ ಚುಚ್ಚಿ (ಚುಚ್ಚದಿದ್ರೆ ಸಿಡಿಯುತ್ತೆ) ಗ್ಯಾಸ್ ಉರಿ ಮೇಲೆ ತಿರುಗಿಸ್ತಾ ಸಿಪ್ಪೆ ಪೂರ್ತಿ ಕರಿ ಆಗೋವರೆಗೆ ಬಿಡಿ, ಆಮೇಲೆ ಕೈಯಲ್ಲೇ ಸುಲೀರಿ. ನಲ್ಲಿ ಕೆಳಗೆ ಹಿಡಿದು ತೊಳೆದ್ರೆ ಆ ಹೊಗೆ ವಾಸನೆ ಎಲ್ಲಾ ಮೋರಿಗೆ ಹೋಗುತ್ತೆ. ಕಿವುಚಿ ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಸ್ವಲ್ಪ ಹುಣಸೆರಸ, ಮೇಲೆ ಇಂಗಿನ ಒಗ್ಗರಣೆ. ಆರು ಬೆಂಡೆಕಾಯಿನ ತೆಳ್ಳಗೆ ಹೆಚ್ಚಿ ಗರಿಗರಿ ಹುರಿದು ಊಟಕ್ಕೆ ಕೂರೋ ಹೊತ್ತಿಗೆ ಮೊಸರಿಗೆ ಹಾಕಿ. ಮುದ್ದೆ ಒಂದು ಮಾಡ್ಕೊಂಡ್ರೆ ಅದೇ ಬುಟ್ಟಿಯಿಂದ ನಾಲ್ಕು ಜನಕ್ಕೆ ಹೊಟ್ಟೆ ತುಂಬಾ ಊಟ, ಬೀನ್ಸ್ ತರೋದೇ ಬೇಡ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಸೌತೆಕಾಯಿ ಕಹಿ ಬರ್ತಿದೆ. ಮೊನ್ನೆ ಒಂದು ಸೋರೆಕಾಯೂ ಕಹಿ ಇತ್ತು. ಉಪ್ಪು ಸವರಿ ಹಿಂಡಿ ಬೇಯಿಸಿದ್ರೆ ತಿನ್ನಬಹುದಾ? (ಜೆ.ಪಿ. ನಗರ)

ಉತ್ತರ: ಸೋರೆಕಾಯಿ ಕಹಿ ಇದ್ರೆ ದಯವಿಟ್ಟು ತಿನ್ಬೇಡಿ. ಅರ್ಧ ಚಮಚವೂ ಬೇಡ, ಜ್ಯೂಸ್ ಅಂತೂ ಬೇಡವೇ ಬೇಡ. ಸೌತೆ, ಸೋರೆ, ಹೀರೆ ಜಾತಿಯಲ್ಲೆಲ್ಲ ಕುಕುರ್ಬಿಟಾಸಿನ್ ಅನ್ನೋ ಕಹಿ ಅಂಶ ಇರುತ್ತೆ, ಕೆಲವು ಕಾಯಲ್ಲಿ ಅದು ವಿಪರೀತ ಜಾಸ್ತಿ ಆಗುತ್ತೆ, ಹೊಟ್ಟೆನೋವು, ವಾಂತಿ, ರಕ್ತವಾಂತಿವರೆಗೂ ಹೋಗುತ್ತೆ, ನಮ್ಮ ದೇಶದಲ್ಲಿ ಕಹಿ ಸೋರೆಕಾಯಿ ಜ್ಯೂಸ್ ಕುಡಿದು ಜನ ಸತ್ತೂ ಇದ್ದಾರೆ. ಬೇಯಿಸಿದ್ರೂ ಆ ಅಂಶ ಹೋಗಲ್ಲ, ಉಪ್ಪು ಸಕ್ಕರೆ ಹಾಕಿ ಕಹಿ ಮುಚ್ಚಿದ್ರೆ ಇನ್ನೂ ಅಪಾಯ, ಗೊತ್ತಾಗದೆ ಜಾಸ್ತಿ ತಿಂದ್ಬಿಡ್ತೀವಿ. ನಾನು ಸೋರೆ, ಹೀರೆ ಯಾವುದೇ ಇರ್ಲಿ, ಹೆಚ್ಚೋಕೆ ಮುಂಚೆ ತೊಟ್ಟಿನ ಕಡೆಯಿಂದ ಅಕ್ಕಿಕಾಳಷ್ಟು ತುಂಡು ನಾಲಿಗೆಗೆ ಮುಟ್ಟಿಸಿ ಉಗುಳ್ತೀನಿ, ಕಹಿ ಅನ್ಸಿದ್ರೆ ಕಾಯಿ ಸೀದಾ ಕಾಂಪೋಸ್ಟ್ ಡ್ರಮ್ಮಿಗೆ. ನೀರು ಹಾಕಿ ಸಾಕಿದ ಕಾಯಿ, ಮನಸ್ಸು ಬರಲ್ಲ, ಗೊತ್ತು. ಆದ್ರೂ ಎಸೀರಿ.

ಸೌತೆಕಾಯಲ್ಲಿ ಸಾಮಾನ್ಯವಾಗಿ ಕಹಿ ತೊಟ್ಟಿನ ಹತ್ತಿರ, ಸಿಪ್ಪೆ ಕೆಳಗೆ ಮಾತ್ರ ಇರುತ್ತೆ, ಅದನ್ನ ದಪ್ಪಕ್ಕೆ ತೆಗೆದು ಒಳಗಿಂದು ರುಚಿ ನೋಡಿ, ಚೂರೂ ಕಹಿ ಇಲ್ಲ ಅಂದ್ರೆ ಮಾತ್ರ ಕೋಸಂಬರಿಗೆ ಬಳಸಿ. ಕಾರಣ ಹೆಚ್ಚಾಗಿ ನೀರೇ. ಒಂದಿನ ಒಣಗಿಸಿ ಒಂದಿನ ಸುರಿದ್ರೆ, ಜೊತೆಗೆ ಕುಂಡ ಬಿಸಿ ಆದ್ರೆ ಬಳ್ಳಿಗೆ ಕಷ್ಟ ಆಗಿ ಕಹಿ ಹೆಚ್ಚುತ್ತೆ. ಬುಡಕ್ಕೆ ತೆಂಗಿನ ನಾರು ಅಥವಾ ಒಣ ಎಲೆ ಮುಚ್ಚಿ, ಮಧ್ಯಾಹ್ನದ ಬಿಸಿಲಿಗೆ ಶೇಡ್ ನೆಟ್ ಕಟ್ಟಿ, ಕಾಯಿ ಎಳೇದಾಗಿದ್ದಾಗಲೇ ಕೀಳಿ.

ಪ್ರಶ್ನೆ: ಟೊಮ್ಯಾಟೊ ಹಳದಿ ಕಿತ್ತಳೆ ಬಣ್ಣಕ್ಕೆ ನಿಂತ್ಬಿಡುತ್ತೆ, ಕೆಂಪಾಗೋದೇ ಇಲ್ಲ. ಗೊಬ್ಬರ ಕಮ್ಮಿ ಆಯ್ತಾ? (ಯಲಹಂಕ)

ಉತ್ತರ: ಗೊಬ್ಬರ ಅಲ್ಲ, ಬಿಸಿಲು. ಟೊಮ್ಯಾಟೊಗೆ ಕೆಂಪು ಕೊಡೋ ಲೈಕೋಪೀನ್ 30 ಡಿಗ್ರಿ ದಾಟಿದ್ರೆ ಸರಿಯಾಗಿ ತಯಾರಾಗಲ್ಲ, ಹಳದಿ ಬಣ್ಣದ ಕ್ಯಾರೊಟಿನ್ ಮಾತ್ರ ಆಗ್ತಿರುತ್ತೆ. ಹಾಗಾಗಿ ಕಾಯಿ ತುದಿಯಲ್ಲಿ ಮೊದಲ ನಸುಗೆಂಪು ಕಂಡ ತಕ್ಷಣ ಕಿತ್ತು ಅಡುಗೆಮನೆ ನೆರಳಲ್ಲಿ ಬುಟ್ಟೀಲಿ ಹರಡಿ, ನಾಲ್ಕೈದು ದಿನಕ್ಕೆ ಕೆಂಪಾಗುತ್ತೆ. ಫ್ರಿಡ್ಜಿಗೆ ಹಾಕ್ಬೇಡಿ, ರುಚಿ ಸತ್ತು ಹೋಗುತ್ತೆ. ಹಾಗೇ ಕಿತ್ತಳೆ ಬಣ್ಣಕ್ಕೆ ನಿಂತಿರೋದನ್ನ ಗೊಜ್ಜಿಗೆ ಹಾಕಿ, ಹುಣಸೆಹಣ್ಣು ಬಿಟ್ಟು ಚೂರು ಬೆಲ್ಲ ಸೇರಿಸಿ, ಬೆಳಗ್ಗೆ ದೋಸೆಗೆ ತುಂಬಾ ಚೆನ್ನಾಗಿರುತ್ತೆ. ಮುಂದಿನ ಸಲಕ್ಕೆ ಬೀಜ ತರೋದಾದ್ರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು (ಐಐಎಚ್‌ಆರ್) ಬಿಡುಗಡೆ ಮಾಡಿರೋ ಅರ್ಕಾ ರಕ್ಷಕ್ ನೋಡಿ, ಎಲೆ ಮುದುಡು ರೋಗ, ಸೊರಗು ರೋಗ, ಅಂಗಮಾರಿ ಮೂರನ್ನೂ ತಡ್ಕೊಳ್ಳೋ ತಳಿ ಅದು.

ಪ್ರಶ್ನೆ: ಹೀರೇಕಾಯಿ ಬಳ್ಳಿಯಲ್ಲಿ ಹೂ ತುಂಬಾ ಬಿಡುತ್ತೆ, ಕಾಯಿ ಕಚ್ಚಲ್ಲ. ಕಚ್ಚಿದ್ದೂ ಎರಡು ದಿನ ನೋಡದಿದ್ರೆ ನಾರು. ಎಳೇದಾಗಿ ಸಿಕ್ಕಿದ್ದನ್ನ ಪೂರ್ತಿ ಬಳಸೋದು ಹೇಗೆ? (ಮಲ್ಲೇಶ್ವರಂ)

ಉತ್ತರ: ಹೀರೆ ಹೂ ಅರಳೋದು ಸಂಜೆ. ಬೆಳಗ್ಗೆ ಬರೋ ಜೇನುಹುಳು ಅದನ್ನ ನೋಡೋ ಹೊತ್ತಿಗೆ ಹೂ ಬಾಡಿರುತ್ತೆ, ಮೂರು ನಾಲ್ಕನೇ ಮಹಡಿಗೆ ಸಂಜೆ ಹುಳುಗಳೂ ಕಮ್ಮಿ. ಸಂಜೆ ಆರೂವರೆ ಏಳಕ್ಕೆ ಟಾರ್ಚ್ ಹಿಡ್ಕೊಂಡು ಹೋಗಿ ಗಂಡು ಹೂವನ್ನ ಕಿತ್ತು ಎಸಳು ಬಿಡಿಸಿ ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಒತ್ತಿ ಸವರಿ. ಹೆಣ್ಣು ಹೂ ಅಂದ್ರೆ ಬುಡದಲ್ಲಿ ಪುಟಾಣಿ ಕಾಯಿ ಇರೋದು. ನಮ್ಮನೇಲಿ ಇದು ಶುರು ಮಾಡಿದ ಮೇಲೇನೇ ಹೀರೇಕಾಯಿ ಕಂಡಿದ್ದು.

ಎಳೇ ಕಾಯಿ ಸಿಕ್ಕಿದ್ರೆ ಅದ್ರಲ್ಲಿ ಎಸೆಯೋಕೆ ಏನೂ ಇಲ್ಲ. ತಿರುಳು ಹುಳಿಗೋ ಬಜ್ಜಿಗೋ ಹೋಗುತ್ತೆ, ಸಿಪ್ಪೆ ಚಟ್ನಿಗೆ. ಏಣು ಮಾತ್ರ ತುಂಬಾ ಗಟ್ಟಿ ಇದ್ರೆ ಹೆರೆದು ಬಿಸಾಕಿ, ಉಳಿದ ಸಿಪ್ಪೆನ ಸಣ್ಣ ಹೆಚ್ಚಿ ಎರಡು ಚಮಚ ಎಣ್ಣೇಲಿ ಸಣ್ಣ ಉರಿಯಲ್ಲಿ ಹುರೀರಿ. ಅವಸರ ಬೇಡ, ಹಸಿರು ಹೋಗಿ ಅಲ್ಲಲ್ಲಿ ಕಂದು ಚುಕ್ಕೆ ಬರ್ಬೇಕು, ಹಸಿ ಹುಲ್ಲಿನ ವಾಸನೆ ಹೋಗಿ ಹುರಿದ ಕಡಲೆಕಾಯಿ ಥರ ಘಮ ಬರ್ಬೇಕು, ಅದಕ್ಕೆ ಹತ್ತು ಹನ್ನೆರಡು ನಿಮಿಷ ಬೇಕೇಬೇಕು. ಅದೇ ಬಾಣಲೇಲಿ ಉದ್ದಿನಬೇಳೆ, ಕಡಲೆಬೇಳೆ, ಬ್ಯಾಡಗಿ ಮೆಣಸಿನಕಾಯಿ ಹುರಿದು ಹುಣಸೆ, ಕಾಯಿ, ಉಪ್ಪು ಸೇರಿಸಿ ತರಿತರಿ ರುಬ್ಬಿ. ಬಿಸಿ ಅನ್ನ, ಕಡಲೆಕಾಯಿ ಎಣ್ಣೆ, ಈ ಚಟ್ನಿ ಇದ್ರೆ ನನಗೆ ಸಾರು ನೆನಪಾಗಲ್ಲ. ಕಣ್ತಪ್ಪಿ ಬಲಿತು ನಾರಾಗಿದ್ರೆ ಬಳ್ಳೀಲೇ ಒಣಗೋಕೆ ಬಿಡಿ, ಬೀಜ ಮುಂದಿನ ಬೆಳೆಗೆ, ನಾರು ಪಾತ್ರೆ ಉಜ್ಜೋಕೆ.

ಪ್ರಶ್ನೆ: ಬೆಂಡೆಕಾಯಿ ಪಲ್ಯ ಯಾವಾಗ್ಲೂ ಲೋಳೆ. (ರಾಜಾಜಿನಗರ)

ಉತ್ತರ: ತೊಳೆದು ಬಟ್ಟೇಲಿ ಚೆನ್ನಾಗಿ ಒರೆಸಿ ಗಾಳಿಗೆ ಆರಿಸಿದ ಮೇಲೇ ಹೆಚ್ಚಿ, ಅಗಲ ಬಾಣಲೇಲಿ ಮುಚ್ಚಳ ಮುಚ್ಚದೆ ಹುರೀರಿ, ಉಪ್ಪು ಕೊನೆಗೆ. ಹುಳಿ ಬಿದ್ರೆ ಲೋಳೆ ಕಡಿಮೆ ಆಗುತ್ತೆ, ಅರ್ಧ ಹುರಿದಾಗ ಒಂದು ಚಮಚ ಮೊಸರು ಅಥವಾ ನಿಂಬೆರಸ ಹಾಕಿ. ಇನ್ನೊಂದು ವಿಷಯ, ಬೆಂಡೆ ಹೂ ಬಿಟ್ಟು ಐದಾರು ದಿನದೊಳಗೆ ಕಿತ್ಬಿಡಿ, ತುದಿ ಬೆರಳಲ್ಲಿ ಒತ್ತಿದ್ರೆ ಟಪ್ ಅಂತ ಮುರಿಬೇಕು, ಬಾಗಿದ್ರೆ ಲೇಟಾಯ್ತು ಅಂತ.

ಪ್ರಶ್ನೆ: ಯಜಮಾನರಿಗೆ ಕಿಡ್ನಿ ಸ್ಟೋನ್ ಆಗಿತ್ತು. ಡಾಕ್ಟ್ರು ಆಕ್ಸಲೇಟ್ ಇರೋ ಸೊಪ್ಪು ಕಮ್ಮಿ ಮಾಡಿ ಅಂದ್ರು. ನಮ್ಮ ಕುಂಡಗಳಲ್ಲಿ ಇರೋದೇ ಹರಿವೆ, ಬಸಳೆ, ಪಾಲಕ್. ಎಲ್ಲಾ ಕಿತ್ತು ಹಾಕ್ಲಾ? (ವಿಜಯನಗರ)

ಉತ್ತರ: ಕಿತ್ತು ಹಾಕ್ಬೇಡಿ, ಮನೇಲಿ ಬೇರೆಯವರು ತಿನ್ನಬಹುದಲ್ಲ. ನೀವು ಹೇಳಿದ ಮೂರೂ ಸೊಪ್ಪಲ್ಲಿ ಆಕ್ಸಲೇಟ್ ಜಾಸ್ತಿನೇ, ಅದ್ರಲ್ಲಿ ಕರಗೋ ಭಾಗ ಬೇಯಿಸಿದ ನೀರಿಗೆ ಇಳಿಯುತ್ತೆ. ಹಾಗಾಗಿ ಅವರಿಗೆ ಮೇಲೆ ಹೇಳಿದ ಬಸ್ಸಾರಿನ ಕಟ್ಟು, ಮಸ್ಸೊಪ್ಪು, ಸೊಪ್ಪಿನ ಜ್ಯೂಸ್ ಇವು ಬೇಡ. ಡಾಕ್ಟ್ರು ಯಾವಾಗಾದ್ರೂ ಸ್ವಲ್ಪ ತಿನ್ನಬಹುದು ಅಂದಿದ್ರೆ ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿ ಪಲ್ಯ ಮಾಡಿ, ಊಟದಲ್ಲಿ ಮೊಸರು ಇರ್ಲಿ, ಮೊಸರಿನ ಕ್ಯಾಲ್ಸಿಯಂ ಹೊಟ್ಟೇಲೇ ಆಕ್ಸಲೇಟನ್ನ ಹಿಡ್ಕೊಳ್ಳುತ್ತೆ. ದಿನದ ಅಡುಗೆಗೆ ಎರಡು ಮೂರು ಬ್ಯಾಗಲ್ಲಿ ಸೋರೆ, ಪಡವಲ, ಹೀರೆ ಬಳ್ಳಿ ಹಬ್ಬಿಸಿ. ನೀರು ಚೆನ್ನಾಗಿ ಕುಡೀಲಿ. ಎಷ್ಟು ತಿನ್ಬೇಕು ಅನ್ನೋದು ಮಾತ್ರ ಅವರ ರಿಪೋರ್ಟ್ ನೋಡಿರೋ ಡಾಕ್ಟ್ರೇ ಹೇಳ್ಬೇಕು, ನನ್ನ ಮಾತು ಸಾಲದು.

ಪ್ರಶ್ನೆ: ಹೊಸ ಮನೆಗೆ ಬಂದ್ಮೇಲೆ ಬೇಳೆ ಬೇಯೋದೇ ಇಲ್ಲ, ಒಣಗಿಸಿಟ್ಟ ನಮ್ಮದೇ ಅಲಸಂದೆಕಾಳೂ ಗಟ್ಟಿ ಉಳಿಯುತ್ತೆ. ಇಲ್ಲಿ ಬೋರ್‌ವೆಲ್ ನೀರು, ವಾರಕ್ಕೆ ಎರಡು ದಿನ ಮಾತ್ರ ಕಾವೇರಿ. (ಕೆ.ಆರ್. ಪುರಂ)

ಉತ್ತರ: ಬೋರ್ ನೀರಿಂದಾನೇ. ಗಡಸು ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಾಳಿನೊಳಗಿನ ಪೆಕ್ಟಿನ್ ಅನ್ನೋ ಅಂಟಿನಂಥ ಅಂಶದ ಜೊತೆ ಸೇರಿ ಅದನ್ನ ಬಿಗಿ ಮಾಡ್ಬಿಡುತ್ತೆ. ಕಾವೇರಿ ನೀರು ಬಂದ ದಿನ ಎರಡು ಬಿಂದಿಗೆ ಅಡುಗೆಗೆ ಅಂತಾನೇ ಹಿಡಿದಿಡಿ, ಕಾಳು ನೆನೆಸೋಕೂ ಬೇಯಿಸೋಕೂ ಅದನ್ನೇ ಬಳಸಿ. ಕಾವೇರಿ ಇಲ್ಲದ ದಿನ ಫಿಲ್ಟರ್ ನೀರು. ಬೇಳೆ ಅರ್ಧ ಗಂಟೆ, ಕಾಳು ರಾತ್ರಿ ಪೂರ್ತಿ ನೆನೀಲಿ. ಹುಣಸೆ, ಟೊಮ್ಯಾಟೊ, ಮಾವಿನಕಾಯಿ ಇಂಥ ಹುಳಿ ಏನಿದ್ರೂ ಬೇಳೆ ಪೂರ್ತಿ ಬೆಂದ ಮೇಲೆ, ಮುಂಚೆ ಬಿದ್ರೆ ಕಾಳು ಅಲ್ಲಿಗೇ ನಿಂತ್ಬಿಡುತ್ತೆ. ಸೋಡ ಹಾಕಿದ್ರೆ ಬೇಗ ಬೇಯುತ್ತೆ ನಿಜ, ಆದ್ರೆ ಬಿ1 ವಿಟಮಿನ್ ಹಾಳಾಗುತ್ತೆ, ರುಚಿನೂ ಸಾಬೂನು ಸಾಬೂನು, ನಾನು ಹಾಕಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಕುಡಿಯೋ ನೀರನ್ನ ಗಿಡಕ್ಕೆ ಹಾಕೋಕೆ ಮನಸ್ಸಾಗಲ್ಲ. ಅಡುಗೆಮನೆ ನೀರು ಹಾಕಬಹುದಾ? (ವೈಟ್‌ಫೀಲ್ಡ್)

ಉತ್ತರ: ಖಂಡಿತ. 2024ರ ಮಾರ್ಚಲ್ಲಿ ಜಲಮಂಡಳಿ ಕುಡಿಯೋ ನೀರನ್ನ ತೋಟಕ್ಕೆ, ಕಾರು ತೊಳೆಯೋಕೆ ಬಳಸಿದ್ರೆ 5000 ರೂಪಾಯಿ ದಂಡ ಅಂದಿತ್ತಲ್ಲ, ಆವಾಗಿಂದ ನಮ್ಮ ಸಿಂಕ್ ಪಕ್ಕ ಒಂದು ಬಕೆಟ್ ಕಾಯಂ ಆಗಿ ಕೂತಿದೆ. ಅಕ್ಕಿ ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲಾ ಅದಕ್ಕೆ. ಅವತ್ತಿಂದು ಅವತ್ತೇ ಹಾಕ್ಬಿಡಿ, ಇಟ್ರೆ ನಾರುತ್ತೆ. ಉಪ್ಪು ಹಾಕಿ ಬೇಯಿಸಿದ ನೀರು, ಎಣ್ಣೆ ಜಿಡ್ಡಿನ ನೀರು ಬೇಡ. ಆರ್‌ಓ ಫಿಲ್ಟರ್ ಹೊರಗೆ ಬಿಡೋ ನೀರಲ್ಲಿ ಲವಣ ಜಾಸ್ತಿ, ದಿನಾ ಅದನ್ನೇ ಹಾಕಿದ್ರೆ ಮಣ್ಣು ಕೆಡುತ್ತೆ, ಅದನ್ನ ನೆಲ ಒರೆಸೋಕೆ ಇಟ್ಕೊಳ್ಳಿ.

ಪ್ರಶ್ನೆ: ಮೆಣಸಿನಕಾಯಿ ಒಂದೇ ಸಲ ಅರ್ಧ ಕೆಜಿ ಬಂದಿದೆ, ಅಷ್ಟೇನೂ ಖಾರ ಇಲ್ಲದ ದಪ್ಪ ಜಾತಿ. ಬಾಳಕ ಮಾಡೋಣ ಅಂತ, ಹೋದ ವರ್ಷ ಬೂಷ್ಟು ಬಂದು ಎಲ್ಲಾ ಎಸೆದೆ. (ಬನಶಂಕರಿ)

ಉತ್ತರ: ಒಳ್ಳೇ ಟೈಮಲ್ಲಿ ಕೇಳಿದ್ರಿ, ಬಾಳಕಕ್ಕೆ ಇದೇ ಬಿಸಿಲು ಬೇಕು. ಬೂಷ್ಟು ಬರೋದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ, ಕಾಯಲ್ಲಿ ತೊಳೆದ ನೀರು ಉಳಿದಿರೋದು, ಇಲ್ಲಾ ಉಪ್ಪು ಕಮ್ಮಿ ಆಗಿರೋದು. ತೊಳೆದು ಒರೆಸಿ ಒಂದು ರಾತ್ರಿ ಫ್ಯಾನ್ ಕೆಳಗೆ ಬಿಡಿ. ತೊಟ್ಟು ತೆಗೀಬೇಡಿ, ಮಧ್ಯದಲ್ಲಿ ಉದ್ದಕ್ಕೆ ಒಂದು ಸೀಳು. ಎರಡು ಲೋಟ ಗಟ್ಟಿ ಹುಳಿ ಮೊಸರಿಗೆ ಐದು ದೊಡ್ಡ ಚಮಚ ಕಲ್ಲುಪ್ಪಿನ ಪುಡಿ, ಜೀರಿಗೆಪುಡಿ, ಇಂಗು ಕಲಸಿ ಕಾಯಿ ಮುಳುಗಿಸಿ ಜಾಡಿಯಲ್ಲಿಡಿ, ದಿನಕ್ಕೆರಡು ಸಲ ಒಣ ಸೌಟಲ್ಲಿ ತಿರುಗಿಸಿ. ಎರಡು ದಿನ ಆದ್ಮೇಲೆ ಕಾಯಿ ಬಣ್ಣ ಹಸಿರಿಂದ ಆಲಿವ್ ಥರ ಮಂಕಾಗಿರುತ್ತೆ, ಆಗ ಬೆಳಗ್ಗೆ ಕಾಯಿ ಮಾತ್ರ ಎತ್ತಿ ತಟ್ಟೇಲಿ ಬಿಸಿಲಿಗೆ, ಸಂಜೆ ವಾಪಸ್ ಅದೇ ಮೊಸರಿಗೆ. ಮೊಸರಿನ ಜಾಡಿನೂ ಮೇಲೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡಿ. ಮೂರು ನಾಲ್ಕು ದಿನದಲ್ಲಿ ಮೊಸರೆಲ್ಲ ಕಾಯಿ ಕುಡಿದ್ಬಿಡುತ್ತೆ, ಆಮೇಲೆ ವಾಪಸ್ ಹಾಕೋದು ಬೇಡ, ಬರೀ ಒಣಗ್ಸೋದು, ಕೈಯಲ್ಲಿ ಅಲ್ಲಾಡಿಸಿದ್ರೆ ಒಳಗಡೆ ಬೀಜ ಗಲಗಲ ಅನ್ನೋವರೆಗೆ. ಸಣ್ಣ ಉರಿಯಲ್ಲಿ ಕಂದು ಬಣ್ಣಕ್ಕೆ ಕರಿದು ಮೊಸರನ್ನಕ್ಕೆ ನಂಚ್ಕೊಳ್ಳಿ. ಎಳೇ ಗೋರಿಕಾಯಿ ಇದ್ರೆ ಅದನ್ನ ಅರ್ಧ ಬೇಯಿಸಿ ನೀರು ಆರಿಸಿ ಇದೇ ಮೊಸರಿಗೆ ಸೇರಿಸಬಹುದು, ನಮ್ಮನೇಲಿ ಅದೇ ಮೊದಲು ಖಾಲಿ ಆಗೋದು. ಮಧ್ಯಾಹ್ನ ಮೂರು ಗಂಟೆ ಮೇಲೆ ಮೋಡ ಕಟ್ಟಿದ್ರೆ ಕಾಯ್ತಾ ಕೂರ್ಬೇಡಿ, ಈ ತಿಂಗಳ ಮಾವಿನ ಮಳೆ ಹತ್ತೇ ನಿಮಿಷದಲ್ಲಿ ಬಂದ್ಬಿಡುತ್ತೆ, ತಟ್ಟೆ ಮೊದಲು ಒಳಗೆ ತನ್ನಿ.